ಹನ್ನೆರಡು ಸಾವಿರ ಉಲ್ಲೇಖಗಳ ವೈದ್ಯರು, ಏಳುನೂರು ಉಲ್ಲೇಖಗಳ ವೈದ್ಯರು: ತೂಗುವುದು ಹೇಗೆ?

ಪ್ರಶ್ನೆ: ಉಡುಪಿಯಲ್ಲಿ ನಾವು ಕೆಲವರು ಸೇರಿ ನಡೆಸುತ್ತಿರುವ ಒಂದು ಚಿಕ್ಕ ದತ್ತಿನಿಧಿಯಿಂದ ಪ್ರತಿವರ್ಷ ಒಬ್ಬ ವೈದ್ಯಕೀಯ ಸಂಶೋಧಕರನ್ನು ಗೌರವಿಸುತ್ತೇವೆ. ಈ ಸಲ ಎರಡು ಹೆಸರುಗಳು ಕೊನೆಗೆ ಉಳಿದಿವೆ. ಒಬ್ಬರ ಬಯೋಡೇಟಾದಲ್ಲಿ ಇನ್ನೂರಕ್ಕೂ ಹೆಚ್ಚು ಲೇಖನ, ಹನ್ನೆರಡು ಸಾವಿರ ಸೈಟೇಶನ್ (ಉಲ್ಲೇಖ), ಎಚ್-ಇಂಡೆಕ್ಸ್ 31 ಎಂದಿದೆ, ‘ಸ್ಟ್ಯಾನ್‌ಫರ್ಡ್‌ನ ಶೇ. 2 ವಿಜ್ಞಾನಿಗಳ ಪಟ್ಟಿ’ಯಲ್ಲೂ ಅವರ ಹೆಸರಿದೆ. ಇನ್ನೊಬ್ಬರದು ನಲವತ್ತು ಚಿಲ್ಲರೆ ಲೇಖನ, ಏಳುನೂರು ಸೈಟೇಶನ್, ಎಚ್-ಇಂಡೆಕ್ಸ್ 14. ಇವರು ಬಹುಕಾಲದಿಂದ ಇಲಿಜ್ವರದ ಮೇಲೆ ಕೆಲಸ ಮಾಡುತ್ತಿರುವವರು. ನಾನು ನಿವೃತ್ತ ಬ್ಯಾಂಕ್ ಅಧಿಕಾರಿ. ಸಮಿತಿಯ ಇನ್ನಿಬ್ಬರಲ್ಲಿ ಒಬ್ಬರು ವಕೀಲರು, ಒಬ್ಬರು ಶಿಕ್ಷಕಿ. ಸಂಖ್ಯೆ ನೋಡಿದರೆ ಮೊದಲನೆಯವರೇ ಸರಿ ಎಂದು ಎಲ್ಲರ ಅಭಿಪ್ರಾಯ. ಹಾಗೆ ತೀರ್ಮಾನಿಸಬಹುದೇ?

ಉತ್ತರ: ಹಾಗೆ ತೀರ್ಮಾನಿಸಲು ಬರುವುದಿಲ್ಲ. ಮೊದಲನೆಯವರು ಅರ್ಹರಲ್ಲ ಎಂದು ನಾನು ಹೇಳುತ್ತಿಲ್ಲ. ಅವರು ಅರ್ಹರೋ ಅಲ್ಲವೋ ಎಂಬುದನ್ನು ಈ ಸಂಖ್ಯೆಗಳು ಹೇಳುವುದೇ ಇಲ್ಲ. ಅವು ಹೇಳುವುದು ಇಷ್ಟೇ: ಆ ವೈದ್ಯರ ಹೆಸರಿರುವ ಲೇಖನಗಳನ್ನು ಬೇರೆ ಲೇಖಕರು ತಮ್ಮ ಬರಹದ ಕೊನೆಯ ಆಕರಪಟ್ಟಿಯಲ್ಲಿ ಎಷ್ಟು ಸಲ ಸೇರಿಸಿಕೊಂಡಿದ್ದಾರೆ. ಹೆಸರಿರುವ ಲೇಖನದಲ್ಲಿ ಅವರ ಸ್ವಂತ ದುಡಿಮೆ ಎಷ್ಟು, ಸೇರಿಸಿಕೊಂಡವರು ಯಾರು, ಯಾವ ಕಾರಣಕ್ಕೆ ಸೇರಿಸಿಕೊಂಡರು ಎಂಬುದನ್ನು ಪಟ್ಟಿ ಬಿಚ್ಚಿ ನೋಡಿಯೇ ತಿಳಿಯಬೇಕು. ತಾವು ಬ್ಯಾಂಕಿನಲ್ಲಿ ಇದ್ದವರು. ಬ್ಯಾಲೆನ್ಸ್ ಶೀಟಿನ ಕೊನೆಯ ಸಾಲಿನ ಮೊತ್ತವನ್ನಷ್ಟೇ ನೋಡಿ, ಒಳಗಿನ ಷೆಡ್ಯೂಲುಗಳನ್ನು ತೆರೆಯದೆ ಯಾರಿಗೂ ಸಾಲ ಮಂಜೂರು ಮಾಡಿರಲಾರಿರಿ.

ಮೊದಲು ಎಚ್-ಇಂಡೆಕ್ಸಿನ ಲೆಕ್ಕವನ್ನು ನೋಡೋಣ, ಏಕೆಂದರೆ ಬಯೋಡೇಟಾಗಳಲ್ಲಿ ಅತಿ ಹೆಚ್ಚು ಗೌರವ ಪಡೆಯುವ ಮತ್ತು ಅತಿ ಕಡಿಮೆ ಜನರಿಗೆ ಅರ್ಥವಾಗುವ ಅಂಕಿ ಅದು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಇದನ್ನು 2005ರಲ್ಲಿ ಸೂಚಿಸಿದರು. ಒಬ್ಬರ ಲೇಖನಗಳನ್ನು ಹೆಚ್ಚು ಉಲ್ಲೇಖ ಪಡೆದದ್ದರಿಂದ ಕಡಿಮೆ ಪಡೆದದ್ದರವರೆಗೆ ಇಳಿಕೆಯ ಕ್ರಮದಲ್ಲಿ ಜೋಡಿಸಿ, ಲೇಖನದ ಕ್ರಮಸಂಖ್ಯೆಯು ಅದಕ್ಕೆ ಬಂದ ಉಲ್ಲೇಖಗಳನ್ನು ಮೀರದ ಕೊನೆಯ ಜಾಗ ಯಾವುದೋ ಅದೇ ಅವರ ಎಚ್-ಇಂಡೆಕ್ಸ್. ಎಂಟು ಲೇಖನಗಳಿಗೆ ಕ್ರಮವಾಗಿ 40, 22, 15, 9, 6, 5, 3, 0 ಉಲ್ಲೇಖಗಳು ಬಂದಿವೆ ಎನ್ನೋಣ. ಐದನೆಯದಕ್ಕೆ 6 ಇದೆ, ಆರನೆಯದಕ್ಕೆ 5 ಮಾತ್ರ. ಆದ್ದರಿಂದ ಸೂಚ್ಯಂಕ 5, ಒಟ್ಟು ಉಲ್ಲೇಖ 100. ಈಗ ಇದೇ ವ್ಯಕ್ತಿಯ ಹೆಸರು, ಐನೂರು ಲೇಖಕರಿರುವ ಒಂದು ಬೃಹತ್ ಅಂತರರಾಷ್ಟ್ರೀಯ ಲೇಖನದಲ್ಲಿ ಸೇರಿ, ಅದಕ್ಕೆ 3,000 ಉಲ್ಲೇಖ ಬಂದರೆ ಒಟ್ಟು ಮೊತ್ತ 100ರಿಂದ 3,100ಕ್ಕೆ ಜಿಗಿಯುತ್ತದೆ, ಎಚ್-ಇಂಡೆಕ್ಸ್ ಮಾತ್ರ 5ರಿಂದ 6ಕ್ಕೆ ಏರುತ್ತದೆ. ಒಟ್ಟು ಮೊತ್ತವನ್ನು ನಂಬುವುದಕ್ಕಿಂತ ಎಚ್-ಇಂಡೆಕ್ಸನ್ನು ನಂಬುವುದು ಸ್ವಲ್ಪ ಮೇಲು ಎನ್ನುವುದು ಈ ಕಾರಣಕ್ಕೆ. ಆದರೆ ಅದು ವಯಸ್ಸಾದಂತೆ ಏರುತ್ತಲೇ ಹೋಗುವ, ಎಂದೂ ಇಳಿಯದ ಅಂಕಿ. ಸಂಶೋಧನೆಯನ್ನು ಕೈಬಿಟ್ಟು ದಶಕವಾದವರದೂ ಏರುತ್ತಿರುತ್ತದೆ. ಅದರ ಬಳಕೆಯಿಂದ ಕೆಟ್ಟ ಪರಿಣಾಮಗಳೂ ಆಗಬಲ್ಲವು ಎಂದು ಸ್ವತಃ ಹಿರ್ಶ್ ಅವರೇ 2020ರಲ್ಲಿ ಬರೆದರು.

ಇಬ್ಬರ ಬಯೋಡೇಟಾದಲ್ಲೂ ಅಂಕಿ ಎಲ್ಲಿಂದ ತೆಗೆದದ್ದು ಎಂಬುದನ್ನು ತಾವು ಬರೆದಿಲ್ಲ. ಅವರು ತಿಳಿಸಿಲ್ಲದಿದ್ದರೆ ಕೇಳಿ ತಿಳಿದುಕೊಳ್ಳಬೇಕು. ಉಲ್ಲೇಖಗಳನ್ನು ಎಣಿಸುವ ಜಾಲತಾಣಗಳಾದ ಗೂಗಲ್ ಸ್ಕಾಲರ್ ಮತ್ತು ಸ್ಕೋಪಸ್ ಎರಡೂ 2004ರಲ್ಲಿ ಆರಂಭವಾದವು, ಆದರೆ ಎರಡರ ಬಲೆಯ ಕಣ್ಣು ಒಂದೇ ಅಳತೆಯದಲ್ಲ. ಸ್ಕೋಪಸ್ ತಾನು ಆಯ್ದುಕೊಂಡ ನಿಯತಕಾಲಿಕಗಳನ್ನೂ ಸಮ್ಮೇಳನದ ಸಂಪುಟಗಳನ್ನೂ ಕೆಲವು ಪುಸ್ತಕಗಳನ್ನೂ ಮಾತ್ರ ಎಣಿಸುತ್ತದೆ. ಗೂಗಲ್ ಸ್ಕಾಲರ್ ಪ್ರಬಂಧ, ಪೂರ್ವಮುದ್ರಣ, ಕಾಲೇಜಿನ ಜಾಲತಾಣದಲ್ಲಿರುವ ಪಿಡಿಎಫ್ ಎಲ್ಲವನ್ನೂ ಎಣಿಕೆಗೆ ತೆಗೆದುಕೊಳ್ಳುತ್ತದೆ. ಹೀಗಾಗಿ ಒಬ್ಬರದೇ ಉಲ್ಲೇಖಸಂಖ್ಯೆ ಗೂಗಲ್ ಸ್ಕಾಲರ್‌ನಲ್ಲಿ ಸಾಮಾನ್ಯವಾಗಿ ಎಷ್ಟೋ ಹೆಚ್ಚಿರುತ್ತದೆ. ಒಬ್ಬರದು ಗೂಗಲ್ ಸ್ಕಾಲರ್‌ನಿಂದ, ಇನ್ನೊಬ್ಬರದು ಸ್ಕೋಪಸ್‌ನಿಂದ ಬಂದಿದ್ದರೆ ತಾವು ಸೇರಿನಲ್ಲೂ ಕಿಲೋದಲ್ಲೂ ಅಳೆದದ್ದನ್ನು ಅಕ್ಕಪಕ್ಕ ಇಟ್ಟಂತೆಯೇ ಸರಿ. ಎರಡನ್ನೂ ಒಂದೇ ಕಡೆಯಿಂದ, ಒಂದೇ ದಿನ ತೆಗೆಸಬೇಕು.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಶೆಟ್ಟಿ, ರಾವ್, ಭಟ್, ಪೈ, ಶೆಣೈ, ಕಾಮತ್, ನಾಯಕ್, ಡಿಸೋಜ ಎಂಬ ಕುಲನಾಮಗಳ ಹಿಂದೆ ಒಂದೊಂದು ಇನಿಷಿಯಲ್ ಇಟ್ಟರೆ ಮಣಿಪಾಲದಿಂದ ದೇರಳಕಟ್ಟೆಯವರೆಗೆ ಎಷ್ಟು ಮಂದಿ ವೈದ್ಯರು ಸಿಗುತ್ತಾರೋ ಲೆಕ್ಕವಿಲ್ಲ. ಗೂಗಲ್ ಸ್ಕಾಲರ್‌ನ ಪುಟವನ್ನು ಆಯಾ ವ್ಯಕ್ತಿಯೇ ನಿಭಾಯಿಸಬೇಕಾಗಿದ್ದು, ‘ಇದೂ ನಿಮ್ಮದೇ’ ಎಂದು ಯಂತ್ರ ತಾನಾಗಿ ಸೇರಿಸಿದ ಲೇಖನಗಳನ್ನು ತೆಗೆದುಹಾಕುವ ಗೋಜಿಗೆ ಹೋಗದವರ ಪುಟದಲ್ಲಿ, ಅದೇ ಹೆಸರಿನ ಮತ್ಯಾರದೋ ದಂತವೈದ್ಯಕೀಯದ, ಕೃಷಿವಿಜ್ಞಾನದ, ಕೆಲವೊಮ್ಮೆ ಎಂಜಿನಿಯರಿಂಗಿನ ಲೇಖನಗಳೂ ಕುಳಿತಿರುತ್ತವೆ. ಇದರಲ್ಲಿ ಮೋಸವೇ ಇರಬೇಕೆಂದಿಲ್ಲ, ಹೆಚ್ಚಿನ ಸಲ ಉದಾಸೀನ. ಸ್ಕೋಪಸ್‌ನಲ್ಲಿ ಇದಕ್ಕೆ ತದ್ವಿರುದ್ಧವಾದ ತೊಂದರೆ: ಒಬ್ಬರೇ ವ್ಯಕ್ತಿ ಎರಡು ಮೂರು ತುಂಡಾಗಿ ಬಿದ್ದಿರುತ್ತಾರೆ. ಮದುವೆಯ ನಂತರ ಕುಲನಾಮ ಬದಲಾದ ವೈದ್ಯೆಯರದು ಈ ಪಾಡು. ಸಂಸ್ಥೆಯ ಹೆಸರು ಬದಲಾದರೂ ಗೊಂದಲವೇ. ಮಣಿಪಾಲದ ಸಂಸ್ಥೆ ‘ಅಕಾಡೆಮಿ’ ಆಗಿದ್ದದ್ದು ನಡುವೆ ‘ವಿಶ್ವವಿದ್ಯಾಲಯ’ ಆಗಿ ಮತ್ತೆ ‘ಅಕಾಡೆಮಿ’ ಆಯಿತು. 2014ರ ನವೆಂಬರಿನಲ್ಲಿ ಊರಿನ ಹೆಸರೇ ಅಧಿಕೃತವಾಗಿ ‘ಮಂಗಳೂರು’ ಆಯಿತು, ಅದಕ್ಕೆ ಹಿಂದಿನ ಲೇಖನಗಳಲ್ಲಿ ‘ಮ್ಯಾಂಗಲೋರ್’ ಎಂದೇ ಇದೆ. 2012ರಿಂದ ನಡೆಯುತ್ತಿರುವ ಆರ್ಕಿಡ್ ಎಂಬ 16 ಅಂಕಿಗಳ ಗುರುತುಸಂಖ್ಯೆ ಇರುವುದೇ ಈ ಗೊಂದಲ ಬಿಡಿಸಲು. ಇಬ್ಬರಿಂದಲೂ ಅದನ್ನು ಕೇಳಿ ಪಡೆಯಬಹುದು. ಆ ಸಂಖ್ಯೆಯಡಿ ಇರುವ ಲೇಖನಗಳ ಪಟ್ಟಿಯನ್ನು ಅವರೇ ಜೋಡಿಸಿ ‘ಇವು ನನ್ನವು’ ಎಂದು ಒಪ್ಪಿಕೊಂಡಿರುವುದರಿಂದ ಮಾತಿನ ಹೊಣೆಯೂ ಅವರದೇ ಆಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ವೈದ್ಯಕೀಯ ಲೇಖನದಲ್ಲಿ ಹೆಸರುಗಳ ಸರದಿಗೆ ಒಂದು ಕ್ರಮವಿದೆ. ಮೊದಲ ಹೆಸರು ಸಾಮಾನ್ಯವಾಗಿ ಕೆಲಸ ಮಾಡಿ ಬರೆದವರದು, ಕೊನೆಯದು ಯೋಚನೆ ಹಾಕಿಕೊಟ್ಟು ನಡೆಸಿದ ಹಿರಿಯರದು, ಪತ್ರವ್ಯವಹಾರಕ್ಕೆಂದು ಗುರುತಿಸಿದ ಹೆಸರು ಉತ್ತರದಾಯಿತ್ವ ಹೊತ್ತವರದು. ನಡುವಿನ ಹೆಸರುಗಳಲ್ಲಿ ಸಂಖ್ಯಾಶಾಸ್ತ್ರದ ಲೆಕ್ಕ ಮಾಡಿಕೊಟ್ಟವರೂ ಇರುತ್ತಾರೆ, ಸ್ಲೈಡ್ ನೋಡಿಕೊಟ್ಟವರೂ ಇರುತ್ತಾರೆ, ವಿಭಾಗದ ಮುಖ್ಯಸ್ಥರು ಎಂಬ ಒಂದೇ ಕಾರಣಕ್ಕೆ ಸೇರಿದವರೂ ಇರುತ್ತಾರೆ. ವೈದ್ಯಕೀಯ ನಿಯತಕಾಲಿಕಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರೆನಿಸಿಕೊಳ್ಳಲು ನಾಲ್ಕು ಷರತ್ತುಗಳನ್ನು ಇಟ್ಟಿದೆ: ಯೋಜನೆಯಲ್ಲೋ ಮಾಹಿತಿ ಸಂಗ್ರಹ ಹಾಗೂ ವಿಶ್ಲೇಷಣೆಯಲ್ಲೋ ಗಣನೀಯ ಪಾಲು, ಬರವಣಿಗೆ ಅಥವಾ ತಿದ್ದುವಿಕೆಯಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಮತ್ತು ಇಡೀ ಕೆಲಸಕ್ಕೆ ಉತ್ತರದಾಯಿತ್ವ. ನಾಲ್ಕೂ ಒಟ್ಟಿಗೆ ಇರಬೇಕು. ಮುಖ್ಯಸ್ಥರಾಗಿರುವುದು ಆ ನಾಲ್ಕರಲ್ಲಿ ಒಂದಲ್ಲ. ನಿಯಮ ಹಾಗಿದ್ದರೂ ನಮ್ಮ ಕಾಲೇಜುಗಳ ಕಾರಿಡಾರಿನಲ್ಲಿ ‘ಸರ್ ಹೆಸರು ಹಾಕಲೇಬೇಕಲ್ಲ’ ಎಂಬ ಮಾತು ಹೊಸದೇನಲ್ಲ.

ಲೇಖನಗಳ ರಾಶಿ ಬೆಳೆಯಲು ಸರಕಾರಿ ನಿಯಮಗಳೂ ಕಾರಣ. ಸ್ನಾತಕೋತ್ತರ ವಿದ್ಯಾರ್ಥಿ ಪ್ರಬಂಧ ಬರೆಯುವುದರ ಜೊತೆಗೆ ಒಂದು ಲೇಖನವನ್ನು ಪ್ರಕಟಣೆಗೆ ಕಳುಹಿಸಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು ನಿಯಮ ಮಾಡಿತ್ತು. ಅಧ್ಯಾಪಕರ ಬಡ್ತಿಗೂ ಲೇಖನಗಳು ಕಡ್ಡಾಯವಾದವು. 2015ರಲ್ಲಿ ಪರಿಷತ್ತು ಬಡ್ತಿಗೆ ಮೊದಲ ಇಬ್ಬರು ಲೇಖಕರನ್ನು ಮಾತ್ರ ಪರಿಗಣಿಸುವುದಾಗಿ ಹೇಳಿತು. ಅದರ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ನಿಯಮಗಳಲ್ಲಿ ಮೊದಲ ಮೂವರಲ್ಲಿ ಒಬ್ಬರಾಗಿರಬೇಕು ಇಲ್ಲವೇ ಪತ್ರವ್ಯವಹಾರದ ಲೇಖಕರಾಗಿರಬೇಕು ಎಂದಾಯಿತು. ಹಗಲೆಲ್ಲ ಮಂಗಳೂರಿನ ಸರಕಾರಿ ಆಸ್ಪತ್ರೆಗಳಾದ ವೆನ್ಲಾಕಿನಲ್ಲೋ ಲೇಡಿಗೋಶನ್ನಿನಲ್ಲೋ ರೋಗಿಗಳನ್ನು ನೋಡುವ ಅಧ್ಯಾಪಕರಿಗೆ ಸಂಶೋಧನೆಗೆಂದು ಪ್ರತ್ಯೇಕ ಸಮಯ ಸಿಗುವುದು ಅಪರೂಪ. ಇಂತಹ ಕಡೆ ಬಡ್ತಿಗಾಗಿ ಹುಟ್ಟಿದ ಲೇಖನಗಳು ಸಾಕಷ್ಟಿರುತ್ತವೆ ಎಂದರೆ ಅದು ಯಾರ ನಿಂದೆಯೂ ಅಲ್ಲ. ಆ ರಾಶಿಯೊಳಗೆ ಒಬ್ಬರು ತಾವಾಗಿ ಬೆನ್ನುಹತ್ತಿದ ಪ್ರಶ್ನೆ ಯಾವುದು ಎಂಬುದನ್ನು ಹುಡುಕುವುದು ತಮ್ಮ ಸಮಿತಿಯ ಕೆಲಸ.

ಹನ್ನೆರಡು ಸಾವಿರದ ಮೊತ್ತದಲ್ಲಿ ನಾನು ಮೊದಲು ನೋಡುವುದು ಇದನ್ನು: ಅತಿ ಹೆಚ್ಚು ಉಲ್ಲೇಖ ಪಡೆದ ಹತ್ತು ಲೇಖನಗಳಲ್ಲಿ ಎಷ್ಟಕ್ಕೆ ನೂರಾರು ಲೇಖಕರಿದ್ದಾರೆ? ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಸ್ಥೆಯೊಂದು ನಡೆಸುವ ಜಾಗತಿಕ ರೋಗಭಾರ ಅಧ್ಯಯನದ ವರದಿಗಳು ವೈದ್ಯಕೀಯ ನಿಯತಕಾಲಿಕವಾದ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಗುತ್ತವೆ. ಯಾವ ದೇಶದಲ್ಲಿ ಯಾವ ಕಾಯಿಲೆಯಿಂದ ಎಷ್ಟು ಜನ ಸಾಯುತ್ತಾರೆ ಎಂದು ಬರೆಯುವ ಪ್ರತಿಯೊಬ್ಬರೂ ಪೀಠಿಕೆಯಲ್ಲಿ ಅವುಗಳನ್ನು ಉಲ್ಲೇಖಿಸಲೇಬೇಕಾಗುತ್ತದೆ, ಹಾಗಾಗಿ ಒಂದೊಂದಕ್ಕೂ ಸಾವಿರಗಟ್ಟಲೆ ಉಲ್ಲೇಖ. ಜಗತ್ತಿನ ನಾನಾ ದೇಶಗಳ ಸಹಭಾಗಿಗಳ ಹೆಸರುಗಳು ಪುಟಗಟ್ಟಲೆ ಇರುತ್ತವೆ, ಅವುಗಳಲ್ಲಿ ಮಣಿಪಾಲದವರ ಹೆಸರುಗಳೂ ಉಂಟು. ಸಹಭಾಗಿಯಾಗುವುದು ಗೌರವದ ವಿಷಯವೇ. ಮಾಹಿತಿ ಒದಗಿಸಿ, ಕರಡು ಓದಿ ಅಭಿಪ್ರಾಯ ಕಳುಹಿಸಿದವರ ಪಾಲು ಸುಳ್ಳಲ್ಲ. ಆದರೆ ಅಂತಹ ಐದಾರು ಲೇಖನಗಳನ್ನು ಬದಿಗಿಟ್ಟಾಗ ಹನ್ನೆರಡು ಸಾವಿರದಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಒಂದು ಮಧ್ಯಾಹ್ನದಲ್ಲಿ ಯಾರು ಬೇಕಾದರೂ ಲೆಕ್ಕ ಹಾಕಬಹುದು. ಬಹುಪಾಲು ಉಳಿದರೆ ಮೊದಲನೆಯವರ ಕಡೆ ತಕ್ಕಡಿ ನಿಜವಾಗಿಯೂ ವಾಲುತ್ತದೆ. ಸಾವಿರದ ಆಸುಪಾಸಿಗೆ ಇಳಿದರೆ ತಮ್ಮ ಇಬ್ಬರು ಅಭ್ಯರ್ಥಿಗಳ ನಡುವೆ ಹೆಚ್ಚು ಅಂತರವೇ ಇಲ್ಲ.

ಇನ್ನು ಇಲಿಜ್ವರ. ಉಲ್ಲೇಖ ಎಷ್ಟು ಬರುತ್ತದೆ ಎಂಬುದು ಆ ವಿಷಯದಲ್ಲಿ ಬರೆಯುವವರು ಜಗತ್ತಿನಲ್ಲಿ ಎಷ್ಟು ಮಂದಿ ಇದ್ದಾರೆ ಎಂಬುದರ ಮೇಲೆ ನಿಂತಿದೆ. ಕ್ಯಾನ್ಸರ್, ಮಧುಮೇಹ, ಹೃದ್ರೋಗಗಳ ಕುರಿತು ಲಕ್ಷಾಂತರ ಜನ ಬರೆಯುತ್ತಾರೆ. ಮಳೆಗಾಲದಲ್ಲಿ ಗದ್ದೆಗಿಳಿಯುವವರಿಗೆ, ತೋಟದ ಕೆಲಸದವರಿಗೆ ಅಂಟುವ ಜ್ವರದ ಬಗ್ಗೆ ಬರೆಯುವವರು ಕಡಿಮೆ. ಮಂಗನ ಕಾಯಿಲೆಯದು ಇನ್ನೂ ಸಣ್ಣ ಲೋಕ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟು, 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ಕಡೆ ಜನರನ್ನು ತತ್ತರಗೊಳಿಸಿದ ಆ ರೋಗದ ಕುರಿತ ಅತ್ಯುತ್ತಮ ಲೇಖನಕ್ಕೂ, ಒಂದು ಸಾಧಾರಣ ಕ್ಯಾನ್ಸರ್ ಲೇಖನಕ್ಕೆ ಬರುವಷ್ಟು ಉಲ್ಲೇಖ ಬರುವುದು ಕಷ್ಟ. ವೈದ್ಯಕೀಯದ ಒಳಗೇ ಅಂಗರಚನಾಶಾಸ್ತ್ರ, ವಿಧಿವಿಜ್ಞಾನಗಳ ಅಧ್ಯಾಪಕರನ್ನು ಜೀವಾಣು ವಿಜ್ಞಾನದ ಪ್ರಯೋಗಾಲಯದವರ ಪಕ್ಕದಲ್ಲಿ ನಿಲ್ಲಿಸುವುದು ಇದೇ ಕಾರಣಕ್ಕೆ ಅನ್ಯಾಯ. ಈ ತಾರತಮ್ಯವನ್ನು ಸರಿದೂಗಿಸಲು, ಒಂದು ಲೇಖನಕ್ಕೆ ಬಂದ ಉಲ್ಲೇಖವನ್ನು ಅದೇ ಕ್ಷೇತ್ರದ, ಅದೇ ಕಾಲದ ಲೇಖನಗಳಿಗೆ ಬಂದದ್ದರೊಡನೆ ಹೋಲಿಸುವ ಅಳತೆಗಳಿವೆ. ಅವುಗಳಲ್ಲಿ ಒಂದನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಐಸೈಟ್ ಎಂಬ ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತದೆ. ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್‌ನಲ್ಲಿರುವ ಲೇಖನಗಳ ಗುರುತುಸಂಖ್ಯೆಗಳನ್ನು ಅಲ್ಲಿ ಹಾಕಿದರೆ ಪ್ರತಿ ಲೇಖನ ತನ್ನ ಕ್ಷೇತ್ರದ ಮಟ್ಟಿಗೆ ಎಷ್ಟು ಎತ್ತರದಲ್ಲಿದೆ ಎಂಬುದೂ, ಚಿಕಿತ್ಸೆಗೆ ಸಂಬಂಧಿಸಿದ ಲೇಖನಗಳು ಅದನ್ನು ಬಳಸಿಕೊಂಡಿವೆಯೇ ಎಂಬುದೂ ತಿಳಿಯುತ್ತದೆ. ಎರಡನೆಯವರ ನಲವತ್ತು ಲೇಖನಗಳನ್ನು ಮೊದಲು ಅಲ್ಲಿ ಹಾಕಿ ನೋಡಿ.

ಕಡಿಮೆ ಉಲ್ಲೇಖದ ಕೆಲಸ ಕಡಿಮೆ ಬೆಲೆಯದಲ್ಲ ಎಂಬುದಕ್ಕೆ ಭಾರತದ ವೈದ್ಯಕೀಯ ಇತಿಹಾಸದಲ್ಲಿ ಕೋಲ್ಕತ್ತದ ಶಂಭುನಾಥ ಡೇ ಅವರಿಗಿಂತ ದೊಡ್ಡ ಸಾಕ್ಷಿ ನನಗೆ ತಿಳಿಯದು. ಕಾಲರಾದ ಬ್ಯಾಕ್ಟೀರಿಯಾ ಕರುಳಿನಲ್ಲಿ ಒಂದು ವಿಷವನ್ನು ಸ್ರವಿಸುತ್ತದೆ, ಆ ವಿಷದಿಂದಲೇ ರೋಗಿಯ ದೇಹದ ನೀರೆಲ್ಲ ಸೋರಿಹೋಗುತ್ತದೆ ಎಂದು ಮೊಲದ ಕರುಳಿನ ತುಂಡನ್ನು ಕಟ್ಟಿ ಮಾಡಿದ ಪ್ರಯೋಗಗಳಿಂದ ಅವರು ತೋರಿಸಿದರು. ನಿರ್ಣಾಯಕ ಲೇಖನ 1959ರಲ್ಲಿ ನೇಚರ್‌ನಲ್ಲಿ ಬಂತು. ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ದ್ರವವೊಂದೇ ಸಾಕು, ಕರುಳು ನೀರು ತುಂಬಿಕೊಳ್ಳುತ್ತದೆ ಎಂಬುದು ಅದರ ತಿರುಳು. ಆಗಿನ ವಿದ್ವಾಂಸಲೋಕ ಹಲವು ವರ್ಷ ಅದಕ್ಕೆ ಕಿವಿಗೊಡಲಿಲ್ಲ. ಸ್ವದೇಶದಲ್ಲಿ ಅವರಿಗೆ ದೊಡ್ಡ ಗೌರವಗಳೇನೂ ಸಿಗಲಿಲ್ಲ. 1978ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರಸಂಕಿರಣಕ್ಕೆ ಆಹ್ವಾನ ಬರುವ ಹೊತ್ತಿಗೆ ಅವರು ವೃತ್ತಿಯಿಂದ ನಿವೃತ್ತರಾಗಿದ್ದರು. 1985ರಲ್ಲಿ ತೀರಿಕೊಂಡರು. ಮರುವರ್ಷ ಅವರ ಲೇಖನಗಳಿಗೆ ಬಂದ ಉಲ್ಲೇಖಗಳ ಜಾಡು ಹಿಡಿದು ವಿವರವಾಗಿ ಬರೆದವರು ಬೇರೆ ಯಾರೂ ಅಲ್ಲ, ಉಲ್ಲೇಖಗಳ ಎಣಿಕೆಯನ್ನೇ ಒಂದು ಉದ್ಯಮವಾಗಿ ಕಟ್ಟಿದ, 1960ರ ದಶಕದಲ್ಲಿ ವಿಜ್ಞಾನದ ಉಲ್ಲೇಖಸೂಚಿಯನ್ನು ಹೊರತಂದ ಯೂಜೀನ್ ಗಾರ್ಫೀಲ್ಡ್. 1965ರಲ್ಲಿ ಯಾರಾದರೂ ಡೇ ಅವರ ಬಯೋಡೇಟಾವನ್ನು ತಮ್ಮಂತಹ ಸಮಿತಿಯ ಮುಂದೆ ಇಟ್ಟಿದ್ದರೆ ಅದು ಕೊನೆಯ ಸುತ್ತಿಗೂ ಬರುತ್ತಿರಲಿಲ್ಲವೇನೋ.

ಹೆಚ್ಚು ಉಲ್ಲೇಖ ಎಂದರೆ ಮೆಚ್ಚುಗೆ ಎಂದೂ ಭಾವಿಸಬೇಕಿಲ್ಲ. ವಿಜ್ಞಾನದಲ್ಲಿ ಅತಿ ಹೆಚ್ಚು, ಮೂರು ಲಕ್ಷಕ್ಕೂ ಮೀರಿ ಉಲ್ಲೇಖ ಪಡೆದ ಲೇಖನ 1951ರಲ್ಲಿ ಆಲಿವರ್ ಲೌರಿ ಮತ್ತು ಸಂಗಡಿಗರು ಪ್ರೋಟೀನ್ ಅಳೆಯುವ ವಿಧಾನದ ಬಗ್ಗೆ ಬರೆದದ್ದು. ಆ ವಿಧಾನ ಬಳಸಿದವರೆಲ್ಲ ಅದನ್ನು ಹೆಸರಿಸಿದರು, ಅಷ್ಟೆ. ಎಂಎಂಆರ್ ಲಸಿಕೆಯನ್ನು ಆಟಿಸಂ ಜೊತೆ ಗಂಟುಹಾಕಿದ ಆಂಡ್ರ್ಯೂ ವೇಕ್‌ಫೀಲ್ಡ್ ಅವರ 1998ರ ಲ್ಯಾನ್ಸೆಟ್ ಲೇಖನವನ್ನು 2010ರಲ್ಲಿ ಪತ್ರಿಕೆಯೇ ಹಿಂತೆಗೆದುಕೊಂಡಿತು, ಆದರೂ ಅದಕ್ಕೆ ಬಂದ ಉಲ್ಲೇಖಗಳು ಸಾವಿರ ದಾಟಿವೆ, ಬಹುಪಾಲು ಅದನ್ನು ಅಲ್ಲಗಳೆಯಲು. ಎಣಿಸುವ ಯಂತ್ರಕ್ಕೆ ಹೊಗಳಿಕೆಯೂ ಒಂದು, ಖಂಡನೆಯೂ ಒಂದು. ತಮ್ಮ ಲೇಖನಗಳನ್ನು ತಾವೇ ಉಲ್ಲೇಖಿಸಿಕೊಳ್ಳುವುದೂ ಅದೇ ಎಣಿಕೆಗೆ ಸೇರುತ್ತದೆ. ಒಂದೇ ವಿಷಯವನ್ನು ಬಹುಕಾಲ ಹಿಡಿದು ಮುಂದುವರಿಸುವವರಿಗೆ ಅದು ಸಹಜ ಎಂಬುದೂ ನಿಜ, ಆದ್ದರಿಂದ ಸ್ವಂತ ಉಲ್ಲೇಖ ಕಂಡ ಕೂಡಲೇ ಹುಬ್ಬುಗಂಟಿಕ್ಕುವ ಅಗತ್ಯವಿಲ್ಲ. ಸ್ಕೋಪಸ್‌ನಲ್ಲಿ ಅವುಗಳನ್ನು ಬಿಟ್ಟು ಎಣಿಸುವ ಅನುಕೂಲವಿದೆ.

‘ಶೇ. 2’ರ ಪಟ್ಟಿಯ ಬಗ್ಗೆ ಸ್ವಲ್ಪ ನಿಷ್ಠುರವಾಗಿ ಹೇಳಬೇಕಾಗುತ್ತದೆ. ಪ್ರತಿವರ್ಷ ಅದು ಹೊರಬಿದ್ದಾಗ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಫೋಟೊ ಸಹಿತ ಸುದ್ದಿ ಬರುತ್ತದೆ, ಕಾಲೇಜಿನ ಗೇಟಿನಲ್ಲಿ ಫ್ಲೆಕ್ಸ್ ಕಟ್ಟುತ್ತಾರೆ. ಅದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿಯಲ್ಲ. ಅಲ್ಲಿನ ಪ್ರಾಧ್ಯಾಪಕ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ಮಾಹಿತಿಯಿಂದ ತಯಾರಿಸಿ 2019ರಿಂದ ಪ್ರಕಟಿಸುತ್ತಿರುವ ಒಂದು ದತ್ತಾಂಶಕೋಶ. ಯಾರೂ ಅರ್ಜಿ ಹಾಕುವುದಿಲ್ಲ, ಯಾರೂ ಕುಳಿತು ಆಯ್ಕೆ ಮಾಡುವುದಿಲ್ಲ. ವಾಸ್ತವವಾಗಿ ಅದು ತಮ್ಮ ಹನ್ನೆರಡು ಸಾವಿರಕ್ಕಿಂತ ಜಾಣ ಅಳತೆಯೇ. ಒಟ್ಟು ಉಲ್ಲೇಖ, ಎಚ್-ಇಂಡೆಕ್ಸ್, ಸಹಲೇಖಕರ ಸಂಖ್ಯೆಗೆ ತಕ್ಕಂತೆ ತಗ್ಗಿಸಿದ ಎಚ್-ಇಂಡೆಕ್ಸ್, ಒಬ್ಬರೇ ಬರೆದ ಲೇಖನಗಳ ಉಲ್ಲೇಖ, ಅದರೊಡನೆ ಮೊದಲ ಲೇಖಕರಾಗಿದ್ದಲ್ಲಿನ ಉಲ್ಲೇಖ, ಮತ್ತೆ ಅದರೊಡನೆ ಕೊನೆಯ ಲೇಖಕರಾಗಿದ್ದಲ್ಲಿನ ಉಲ್ಲೇಖ ಎಂಬ ಆರು ಅಂಶಗಳನ್ನು ಕೂಡಿಸಿ ಒಂದು ಅಂಕ ಮಾಡುತ್ತಾರೆ, ಸ್ವಂತ ಉಲ್ಲೇಖಗಳನ್ನು ಸೇರಿಸಿಯೂ ಬಿಟ್ಟೂ ತೋರಿಸುತ್ತಾರೆ. ಪಟ್ಟಿಗಳು ಎರಡಿವೆ: ಇಡೀ ವೃತ್ತಿಜೀವನದ್ದು ಒಂದು, ಆ ಒಂದು ವರ್ಷದ್ದು ಮತ್ತೊಂದು. ಫ್ಲೆಕ್ಸಿನಲ್ಲಿ ಯಾವುದೆಂದು ಬರೆದಿರುವುದನ್ನು ನಾನು ಕಂಡದ್ದು ಕಡಿಮೆ. ಎರಡಕ್ಕೂ ಬಹಳ ಅಂತರವಿದೆ. ಕೋಶ ಸಾರ್ವಜನಿಕವಾಗಿದ್ದು, ಎಕ್ಸೆಲ್ ಕಡತವಾಗಿ ಸಿಗುತ್ತದೆ; ತಮಗೆ ಅದನ್ನು ತೆರೆದು ಆ ಹೆಸರಿನ ಸಾಲನ್ನು ಅಡ್ಡಕ್ಕೆ ಓದುವುದು ಕಷ್ಟವಾಗಲಾರದು. ಮೊದಲ ಮತ್ತು ಕೊನೆಯ ಲೇಖಕರಾಗಿದ್ದಲ್ಲಿನ ಉಲ್ಲೇಖಗಳು ಅಲ್ಲೇ ಬೇರೆಯಾಗಿ ಕೊಟ್ಟಿರುವುದರಿಂದ ನಾನು ಮೇಲೆ ಹೇಳಿದ ಮಧ್ಯಾಹ್ನದ ಲೆಕ್ಕವೂ ಅರ್ಧ ಮುಗಿದಂತೆಯೇ.

ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನು ಬಯೋಡೇಟಾದಲ್ಲಿ ಕೂಡಿಸಿ ಬರೆದಿದ್ದರೆ ಅದನ್ನು ಗಣನೆಗೇ ತೆಗೆದುಕೊಳ್ಳಬೇಡಿ. ಹಿಂದಿನ ಎರಡು ವರ್ಷಗಳಲ್ಲಿ ಪತ್ರಿಕೆ ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ಬಂದ ಸರಾಸರಿ ಉಲ್ಲೇಖ ಅದು. ಪತ್ರಿಕೆಯ ಅಂಕಿ, ವ್ಯಕ್ತಿಯದಲ್ಲ. ಹಿಂತೆಗೆದ ಲೇಖನಗಳೇನಾದರೂ ಇವೆಯೇ ಎಂಬುದನ್ನು ಮಾತ್ರ ತಪ್ಪದೆ ನೋಡಿ. 2023ರಲ್ಲಿ ಹಿಂದಾವಿ ಎಂಬ ಒಂದೇ ಪ್ರಕಾಶನದ ಪತ್ರಿಕೆಗಳಿಂದ ಎಂಟು ಸಾವಿರಕ್ಕೂ ಹೆಚ್ಚು ಲೇಖನಗಳು ವಾಪಸಾದವು, ಬಹಳಷ್ಟು ಹಣ ಕೊಟ್ಟು ಬರೆಸಿದವೆಂಬ ಶಂಕೆಯಲ್ಲಿ. ಇಂತಹ ಲೇಖನಗಳನ್ನು ಪಟ್ಟಿಮಾಡುವ ರಿಟ್ರಾಕ್ಷನ್ ವಾಚ್ ದತ್ತಾಂಶಕೋಶದಲ್ಲಿ ಹೆಸರು ಹುಡುಕಲು ಐದು ನಿಮಿಷ ಸಾಕು. ಸಿಕ್ಕಿದರೆ ಕಾರಣ ಓದಿ. ಲೆಕ್ಕದ ತಪ್ಪನ್ನು ತಾವೇ ಕಂಡುಕೊಂಡು ಹಿಂತೆಗೆದ ಲೇಖಕರು ಗೌರವಕ್ಕೆ ಹೆಚ್ಚು ಅರ್ಹರು.

ನನ್ನ ಸಲಹೆ ಹೀಗಿದೆ. ಇಬ್ಬರಿಗೂ ಒಂದೇ ಪತ್ರ ಬರೆದು, ತಮ್ಮ ಜೀವಮಾನದ ಕೆಲಸವೆಂದು ಅವರು ಭಾವಿಸುವ ಐದು ಲೇಖನಗಳನ್ನು ಮಾತ್ರ ಕಳುಹಿಸಲು ಕೇಳಿ. ಪ್ರತಿಯೊಂದರಲ್ಲೂ ತಮ್ಮ ಪಾಲು ಏನು, ಅದರಿಂದ ಯಾರ ಚಿಕಿತ್ಸೆಯಲ್ಲಿ ಅಥವಾ ಯಾವ ಇಲಾಖೆಯ ನಡಾವಳಿಯಲ್ಲಿ ಏನು ಬದಲಾಯಿತು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆಯಲು ಹೇಳಿ. ಹೀಗೆ ಕೇಳಿದರೆ ಇನ್ನೂರು ಲೇಖನದವರಿಗೂ ನಲವತ್ತರವರಿಗೂ ಸಿಗುವ ಜಾಗ ಸಮನಾಗುತ್ತದೆ. ಔಷಧ ಪ್ರಯೋಗಗಳಿದ್ದರೆ ಅವು ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಇವೆಯೇ ನೋಡಿ. 2009ರ ಜೂನ್‌ನಿಂದ ಅದು ಕಡ್ಡಾಯವಾಗಿದ್ದು, ನೋಂದಣಿಯ ದಿನಾಂಕ ಮೊದಲ ರೋಗಿಯನ್ನು ಸೇರಿಸಿಕೊಂಡ ದಿನಕ್ಕಿಂತ ಹಿಂದಿನದಾಗಿರಬೇಕು. ಐದರಲ್ಲಿ ಒಂದೊಂದನ್ನು, ಇಬ್ಬರ ಸಂಸ್ಥೆಗಳಿಗೂ ಸೇರದ ಒಬ್ಬ ವೈದ್ಯರಿಂದ ಓದಿಸಿ ಅಭಿಪ್ರಾಯ ಪಡೆಯಿರಿ. ನಮ್ಮ ಊರು ಚಿಕ್ಕದು, ಮಂಗಳೂರು ಮಣಿಪಾಲಗಳ ವೈದ್ಯರೆಲ್ಲ ಒಬ್ಬರಿಗೊಬ್ಬರು ಸಹಪಾಠಿಗಳೋ ಶಿಷ್ಯರೋ ಬೀಗರೋ ಆಗಿರುತ್ತಾರೆ; ಹುಬ್ಬಳ್ಳಿಯಿಂದಲೋ ಮೈಸೂರಿನಿಂದಲೋ ಒಬ್ಬರನ್ನು ಹುಡುಕುವುದು ಕ್ಷೇಮ.

ವೆನ್ಲಾಕಿನಲ್ಲೋ ತಾಲೂಕು ಆಸ್ಪತ್ರೆಯಲ್ಲೋ ಇಲಿಜ್ವರದ ರೋಗಿಗಳನ್ನು ನೋಡುವ ಒಬ್ಬ ವೈದ್ಯರನ್ನು ಸಹ ಕೇಳಿ: ಮೂತ್ರಪಿಂಡ ಕೆಡುವ ಮುನ್ನ ರೋಗ ಗುರುತಿಸುವುದರಲ್ಲಿ, ಪೆನಿಸಿಲಿನ್ ಅಥವಾ ಡಾಕ್ಸಿಸೈಕ್ಲಿನ್ ಯಾವಾಗ ಶುರುಮಾಡಬೇಕೆಂಬುದರಲ್ಲಿ ತಾವು ಆ ಎರಡನೆಯವರ ಬರಹವನ್ನು ಎಂದಾದರೂ ಬಳಸಿದ್ದುಂಟೇ ಎಂದು. ಅದೇ ಪ್ರಶ್ನೆಯನ್ನು ಮೊದಲನೆಯವರ ಕ್ಷೇತ್ರದಲ್ಲಿ ದುಡಿಯುವ ವೈದ್ಯರಿಗೂ ಹಾಕಿ. ಇಬ್ಬರಿಂದಲೂ ಬಂದ ಉತ್ತರವನ್ನು ಸಮಿತಿಯ ನಡಾವಳಿ ಪುಸ್ತಕದಲ್ಲಿ ದಾಖಲಿಸಿಕೊಂಡು ತೀರ್ಮಾನ ಮಾಡಿ. ಆಯ್ಕೆ ಯಾರದೇ ಆಗಲಿ, ಬಿನ್ನವತ್ತಳೆಯಲ್ಲಿ ಅವರು ಕಂಡುಹಿಡಿದದ್ದೇನು ಎಂಬುದನ್ನು ಬರೆಸಿ. ಉಲ್ಲೇಖಗಳ ಸಂಖ್ಯೆಯನ್ನೂ ಅಚ್ಚುಹಾಕಲೇಬೇಕೆಂದು ಯಾರಾದರೂ ಹಟ ಹಿಡಿದರೆ ಅದರ ಪಕ್ಕದಲ್ಲಿ ಆಕರ ಮತ್ತು ತಾರೀಕು ಇರಲಿ.